ತರಕಾರಿ ಸಾಲಿನ ವಿಘ್ನಗಳು

ನಮ್ಮ ಕುಂದಾಪುರ ಸೀಮೆಯಲ್ಲಿ ವಸಂತದ ತರಕಾರಿ ತೋಟವು ವಸಂತದಲ್ಲಿ ಆರಂಭವಾಗುವುದಲ್ಲ. ಬತ್ತದ ಕೊಯ್ಲು ಮುಗಿದು, ಗದ್ದೆಯ ತೇವವಿನ್ನೂ ಆರದಿರುವಾಗ, ಮಕರ ಸಂಕ್ರಮಣದ ಚಳಿಯಲ್ಲಿಯೇ ಸಾಲು ತೆಗೆದು ಸೌತೆ, ಅಳಸಂಡೆ, ಹೀರೆ, ಬೆಂಡೆ, ಹರಿವೆಗಳನ್ನು ಬಿತ್ತಿದವನ ಮನೆಗೆ ಏಪ್ರಿಲ್ ನಡುವಿನ ವಿಷುವಿನ ವೇಳೆಗೆ ಸ್ವಂತ ಬಳ್ಳಿಯ ಕಾಯಿ ಬರುತ್ತದೆ. ಈ ಮೂರು ತಿಂಗಳ ಕೈಗೆಲಸದಷ್ಟು ನನಗೆ ಪ್ರಿಯವಾದ ವ್ಯವಸಾಯ ಬೇರೊಂದಿಲ್ಲ. ಅದರ ವಿಘ್ನಗಳ ಮೇಲೂ ನನಗೆ ಗೌರವವುಂಟು. ಏಕೆಂದರೆ ಈ ನೆಲದ ತೋಟಗಾರಿಕೆಯ ವಿದ್ಯೆಯೆಲ್ಲ ಒಂದೊಂದು ವಿಘ್ನಕ್ಕೆ ಹಿರಿಯರು ಕಂಡುಕೊಂಡ ಉತ್ತರಗಳಿಂದಲೇ ಕಟ್ಟಲ್ಪಟ್ಟುದು.

ಮೊದಲನೆಯ ವಿಘ್ನ ಮಣ್ಣೇ. ವರ್ಷವೊಂದಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಸುರಿಯುವ ಮಳೆಯು ನೆಲದ ಸುಣ್ಣಾಂಶವನ್ನೂ ಸಾರವನ್ನೂ ತೊಳೆದು ಕಡಲಿಗೊಯ್ದು, ಮುರಕಲ್ಲಿನ ಕೆಂಪನ್ನೂ ಹುಳಿಯನ್ನೂ ಉಳಿಸಿಹೋಗುವುದರಿಂದ, ಉತ್ಸಾಹದಿಂದ ಮೊಳೆತ ಸೌತೆಯ ಸಸಿ ಎರಡೆಲೆಯ ಬಳಿಕ ಹಳದಿಗಟ್ಟಿ, ಬೆಳೆಯಲೂ ಒಲ್ಲದೆ ಸಾಯಲೂ ಒಲ್ಲದೆ ನಿಂತುಬಿಡುತ್ತದೆ. ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಸ್ಥಾಪಿತವಾಗುವುದಕ್ಕೆ ಬಹುಪೂರ್ವದಲ್ಲಿಯೇ ಇಲ್ಲಿಯ ಒಕ್ಕಲು ಮಕ್ಕಳು ಇದಕ್ಕೆ ಸುಡುಮಣ್ಣೆಂಬ ಉತ್ತರವನ್ನು ಕಂಡಿದ್ದರು. ತರಗೆಲೆ, ಒಣಸೊಪ್ಪುಗಳನ್ನು ಪೇರಿಸಿ, ಮೇಲೆ ಮಣ್ಣು ಮುಚ್ಚಿ, ಜ್ವಾಲೆಯೇಳದಂತೆ ಒಳಗೊಳಗೇ ಬೇಯಿಸಿದಾಗ, ಕಳೆಯ ಬೀಜ ಸುಟ್ಟು, ಬೂದಿಯ ಕ್ಷಾರವು ಹುಳಿಯನ್ನು ತಗ್ಗಿಸಿ, ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿನಿಂದ ಜಾರುವಷ್ಟು ಹಗುರವಾದ ಮಣ್ಣು ದೊರೆಯುತ್ತದೆ. ಅದನ್ನು ಹಟ್ಟಿಗೊಬ್ಬರದೊಡನೆ ಬೆರೆಸಿ ಬುಡಕ್ಕಿಟ್ಟ ಕೆಲವು ದಿನಗಳಲ್ಲಿ ಸಸಿಯ ತುದಿ ಹಸುರಾಗುವುದನ್ನು ಕಾಣುವ ಸುಖ ವರ್ಣನೆಗೆ ಮೀರಿದ್ದು.

ಮಣ್ಣು ಒಲಿದರೆ ಹೇನು ಬರುತ್ತದೆ. ಅಳಸಂಡೆಯ ಎಳೆಗುಡಿಗಳಲ್ಲಿ ಕಪ್ಪಾಗಿ ಮುತ್ತಿಕೊಳ್ಳುವ ಈ ಕೀಟಕ್ಕೆ ಒಲೆಯ ಬೂದಿಯೇ ಮದ್ದೆಂಬುದು ಎಲ್ಲರಿಗೂ ಗೊತ್ತು. ಆದರೆ ಒಣಗಿದ ಎಲೆಯ ಮೇಲೆರಚಿದ ಬೂದಿ ಗಾಳಿಗೆ ಹಾರಿಹೋಗುವುದನ್ನು ಕಂಡ ನೆರೆಮನೆಯ ವೃದ್ಧೆಯೊಬ್ಬರು ಬೇಲಿಯಾಚೆಯಿಂದಲೇ, “ಹ್ವಾಯ್, ಇಬ್ನಿ ಆರುಕೆ ಮುಂಚೆ ಬೂದಿ ಹಾಕ್ಕ್ ಕಾಣಿ” ಎಂದರು. ಮದ್ದಿನಷ್ಟೇ ಮುಖ್ಯವಾದುದು ಅದರ ಮುಹೂರ್ತವೆಂಬ ಸೂಕ್ಷ್ಮವು ಆ ಒಂದು ಮಾತಿನಲ್ಲಿ ಅಡಗಿತ್ತು.

ಹೀರೆ, ಹಾಗಲಗಳು ಮಿಡಿಗಟ್ಟುವಾಗ ಕಾಯಿನೊಣದ ಸರದಿ. ಅದು ಎಳೆಗಾಯಿಯ ಸಿಪ್ಪೆಯಡಿ ಮೊಟ್ಟೆಯಿಟ್ಟರೆ ಹುಳು ತಿರುಳನ್ನು ತಿಂದು ಕೊಳೆಯಿಸಿ, ಬಳಿಕ ಮಣ್ಣಿಗಿಳಿದು ಕೋಶಕಟ್ಟಿ, ಮತ್ತೆ ನೊಣವಾಗಿ ಏಳುತ್ತದೆ. ಆದುದರಿಂದ ಮಿಡಿಗೆ ಕಾಗದ ಸುತ್ತಿದರಷ್ಟೆ ಸಾಲದು, ಉದುರಿದ ಕಾಯನ್ನು ಆಯ್ದು ಆಳದಲ್ಲಿ ಹೂಳಲೂ ಬೇಕು. ಕೊಯ್ಲಾದ ಬಯಲಿನಲ್ಲಿ ಸ್ವೇಚ್ಛೆಯಾಗಿ ಮೇಯುವ ದನಗಳಿಗೆ ಬೇಲಿಯೂ ದಣಪೆಯೂ ಉಂಟು. 1963ರಿಂದ ರಾಷ್ಟ್ರಪಕ್ಷಿಯೆನಿಸಿ, ಕಾನೂನಿನ ರಕ್ಷಣೆಯಲ್ಲಿರುವ ನವಿಲು ಮಾತ್ರ ಬೇಲಿಯನ್ನು ಲೆಕ್ಕಿಸದು. ಸಸಿಗೆ ಬಲೆ ಹೊದಿಸುವುದೊಂದೇ ಧರ್ಮಸಮ್ಮತವಾದ ಉಪಾಯ.

ಎಲ್ಲಕ್ಕೂ ಕಠಿಣವಾದುದು ಉಪ್ಪು. ಸೌಪರ್ಣಿಕಾ, ವಾರಾಹಿ ಮೊದಲಾದ ಐದು ನದಿಗಳು ಸೇರುವ ಗಂಗೊಳ್ಳಿಯ ಸುತ್ತಲಾಗಲಿ, ಬೈಂದೂರಿನ ಕಡಲಂಚಿನಲ್ಲಾಗಲಿ, ಮಾರ್ಚ್ ತಿಂಗಳ ಹೊತ್ತಿಗೆ ಹೊಳೆಯ ಸಿಹಿನೀರು ಸೊರಗಿದೊಡನೆ ಭರತದ ನೀರು ಮೇಲೇರಿ, ಅಂಚಿನ ಬಾವಿಗಳು ಉಪ್ಪಾಗುತ್ತವೆ. ಅಂಥ ನೀರೆರೆದ ಬಳ್ಳಿಯ ಎಲೆ ಅಂಚಿನಿಂದ ಒಳಗೆ ಕರಕಾಗುತ್ತ ಬರುತ್ತದೆ. ಕಿಂಡಿ ಅಣೆಕಟ್ಟಿಗೆ ಸಕಾಲದಲ್ಲಿ ಹಲಗೆಯಿಳಿಸುವುದು ಊರೆಲ್ಲರ ಕೆಲಸ; ಒಬ್ಬನ ಕೈಯಲ್ಲಿರುವುದು ಕಾಲವನ್ನು ಹಿಂದಕ್ಕೆ ಸರಿಸಿಕೊಳ್ಳುವುದು. ನಾನೀಗ ಧನುರ್ಮಾಸದಲ್ಲಿಯೇ ಬಿತ್ತಿ, ಬುಡಕ್ಕೆ ತರಗೆಲೆಯನ್ನು ದಪ್ಪವಾಗಿ ಹೊದಿಸಿ, ಉಪ್ಪೇರುವ ಮೊದಲೇ ಕಾಯಿ ಕೊಯ್ಯುವ ಪ್ರಯತ್ನದಲ್ಲಿದ್ದೇನೆ. ಬೇಗ ಬಲಿತ ಬಣ್ಣದ ಸೌತೆಯಿಂದ ನಷ್ಟವೇನೂ ಇಲ್ಲ, ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗಿದರೆ ಅದು ಮಳೆಗಾಲದವರೆಗೂ ಕೆಡದು. ಸುಡುಮಣ್ಣನ್ನೂ ಬೂದಿಯ ಮುಹೂರ್ತವನ್ನೂ ಬಿತ್ತನೆಯ ಬೀಜದೊಡನೆಯೇ ಪಡೆದವರು ನಾವು. ನಮ್ಮ ಕಾಲದ ವಿಘ್ನಕ್ಕೆ ಒಂದಾದರೂ ಉತ್ತರವನ್ನು ಕಂಡುಹಿಡಿದು ಮುಂದಿನವರಿಗೆ ಕೊಡದಿದ್ದರೆ ಆ ಋಣ ತೀರುವುದೆಂತು?