ಶನಿವಾರದ ಮೈದಾನ

ಮಠದ ಸ್ವಾಮಿಯೊಬ್ಬನು ಆಟದ ಮೈದಾನದಲ್ಲಿ ಚೆಂಡು ಹೆಕ್ಕುತ್ತಿರುವನೆಂಬ ಸುದ್ದಿ ತಮ್ಮಲ್ಲಿ ಕೆಲವರ ಕಿವಿಗೆ ಬಿದ್ದಿದೆಯಂತೆ. ಸುದ್ದಿ ನಿಜ. ಕಳೆದ ಮೂರು ವರ್ಷಗಳಿಂದ, ಪ್ರವಾಸವಿಲ್ಲದ ಶನಿವಾರಗಳಂದು, ಇಷ್ಟಲಿಂಗ ಪೂಜೆ ಮುಗಿಸಿಕೊಂಡು ನಾವು ಬೆಂಗಳೂರಿನ ಹಲಸೂರು ಕೆರೆಯ ಸಮೀಪದ ಒಂದು ಮೈದಾನಕ್ಕೆ ಹೋಗುತ್ತಿದ್ದೇವೆ. ಅಲ್ಲಿಗೆ ಬರುವವರು ಶಿವಾಜಿನಗರ, ಇಂದಿರಾನಗರ, ಕೆ.ಆರ್. ಪುರಗಳ ಹತ್ತು ಹನ್ನೆರಡು ಮಂದಿ. ಇಪ್ಪತ್ತೆರಡರಿಂದ ನಲವತ್ತೇಳು ವಯಸ್ಸಿನವರು. ಲೋಕವು ಅವರನ್ನು ಬುದ್ಧಿಮಾಂದ್ಯರೆಂದು ಕರೆಯುತ್ತ ಬಂದಿದೆ. ಈಗಿನ ಕಾಯಿದೆಯ ಮಾತು ಬೌದ್ಧಿಕ ಅಂಗವಿಕಲತೆ.

ನಾವು ಮೊದಲು ಹೋದದ್ದು ಉದ್ಘಾಟನೆಗೆ. ಹಾರ, ಶಾಲು, ಆಶೀರ್ವಚನ ಎಲ್ಲವೂ ಆದವು. ಇಳಿದು ಬರುವಾಗ ತರಬೇತಿಯ ಹೊಣೆ ಹೊತ್ತಿದ್ದ ನಿವೃತ್ತ ಸುಬೇದಾರರು, ಹಲಸೂರಿನ ಮದರಾಸು ಇಂಜಿನಿಯರ್ ಪಡೆಯಲ್ಲಿ ಸೇವೆ ಸಲ್ಲಿಸಿದವರು, ಕೈಮುಗಿದು, "ಸ್ವಾಮೀಜಿ, ಹರಸುವವರು ಬಹಳ ಮಂದಿ ಬರ್ತಾರೆ. ಚೆಂಡು ಹೆಕ್ಕಿಕೊಡೋರು ಯಾರೂ ಇಲ್ಲ" ಎಂದರು. ಆ ಮಾತು ನಾಟಿತು. ಮುಂದಿನ ವಾರ ನಾವು ಮತ್ತೆ ಹೋದೆವು.

ಆಟದ ಹೆಸರು ಬೊಚ್ಚೆ. ಇಟಲಿಯಿಂದ ಬಂದದ್ದು, ನಮ್ಮ ಗೋಲಿಯಾಟಕ್ಕೆ ದೂರದ ನಂಟಿನದೆನ್ನಬಹುದು. ಅರವತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಅಂಕಣ. ಒಂದು ಚಿಕ್ಕ ಗುರಿಚೆಂಡು, ಪಕ್ಷಕ್ಕೆ ನಾಲ್ಕರಂತೆ ಎಂಟು ದೊಡ್ಡ ಚೆಂಡುಗಳು. ಗುರಿಚೆಂಡಿಗೆ ಸಮೀಪವಾಗಿ ಉರುಳಿಸಿದವರಿಗೆ ಅಂಕ. ಇದರಲ್ಲೊಂದು ನಿಯಮ ನಮಗೆ ಬಹಳ ಹಿಡಿಸಿತು. ಯಾವ ಪಕ್ಷದ ಚೆಂಡು ಗುರಿಯಿಂದ ದೂರವಿದೆಯೋ ಆ ಪಕ್ಷಕ್ಕೇ ಮುಂದಿನ ಸರದಿ; ಹಿಂದೆ ಬಿದ್ದವರು ಸಮೀಪಿಸುವವರೆಗೆ ಅಥವಾ ಅವರ ಚೆಂಡುಗಳು ಮುಗಿಯುವವರೆಗೆ ಮುಂದಿದ್ದವರು ಕಾಯಬೇಕು.

1968ರಲ್ಲಿ ಅಮೆರಿಕೆಯ ಶಿಕಾಗೋ ನಗರದಲ್ಲಿ ಯೂನಿಸ್ ಕೆನಡಿ ಶ್ರೈವರ್ ಎಂಬ ಮಹಿಳೆಯ ಪ್ರಯತ್ನದಿಂದ ಇಂಥವರಿಗಾಗಿ ಸ್ಪೆಷಲ್ ಒಲಿಂಪಿಕ್ಸ್ ಆರಂಭವಾಯಿತು. 2023ರ ಜೂನ್‌ನಲ್ಲಿ ಬರ್ಲಿನ್ನಿನಲ್ಲಿ ನಡೆದ ಅದರ ವಿಶ್ವಕೂಟದಲ್ಲಿ ಭಾರತದ ಆಟಗಾರರು 202 ಪದಕಗಳನ್ನು ಗಳಿಸಿದರು. ಅಲ್ಲಿ ವಯಸ್ಸು ಮತ್ತು ಸಾಮರ್ಥ್ಯಗಳನ್ನು ಅಳೆದು ಸರಿಸಮಾನರನ್ನೇ ಒಂದು ಗುಂಪಾಗಿ ಮಾಡುತ್ತಾರೆ. ಗುಂಪಿನೊಳಗಿನ ಅಂತರ ಸುಮಾರು ಶೇಕಡ 15ನ್ನು ಮೀರಬಾರದೆಂಬುದು ಮಾರ್ಗಸೂಚಿ. ಗೆದ್ದವನು ಯಾರದೋ ಕನಿಕರದಿಂದ ಗೆಲ್ಲಬಾರದು, ಸೋತವನು ನಿಜವಾಗಿ ಸೋಲಬೇಕು ಎಂಬುದು ಇದರ ಇಂಗಿತವೆಂದು ನಾವು ತಿಳಿದಿದ್ದೇವೆ.

ನಮ್ಮ ಪಾಂಡಿತ್ಯ ಆ ಮೈದಾನದಲ್ಲಿ ಉಪಯೋಗಕ್ಕೆ ಬರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುವಾಗ ಬುದ್ಧಿಲಬ್ಧದ ಕೋಷ್ಟಕವನ್ನು ಬಾಯಿಪಾಠ ಮಾಡಿದ್ದೆವು. ಎಪ್ಪತ್ತಕ್ಕಿಂತ ಕೆಳಗಿನವರು ಎಷ್ಟು ಬಗೆ ಎಂಬುದು ಗೊತ್ತಿತ್ತು. ಅವರ ಕೈಯಿಂದ ಚೆಂಡನ್ನು ಯಾವಾಗ ಬಿಡಿಸಬೇಕೆಂಬುದು ಗೊತ್ತಿರಲಿಲ್ಲ. ಪ್ರವಚನದ ಅಭ್ಯಾಸ ಬೇರೆ. ಮೊಣಕಾಲು ಬಗ್ಗಿಸುವುದು, ದೃಷ್ಟಿ, ಗೆರೆ, ಉಸಿರು ಎಂದು ಒಂದೇ ಸಮನೆ ಹೇಳುತ್ತಿದ್ದರೆ ಎದುರಿನವರು ನಮ್ಮ ಕಾವಿಯ ಅಂಚನ್ನೇ ನೋಡುತ್ತಿದ್ದರು. "ಒಂದು ಸಲಕ್ಕೆ ಒಂದೇ ಮಾತು, ಸ್ವಾಮೀಜಿ. ಆಮೇಲೆ ಮಾಡಿ ತೋರಿಸಿ. ಆಮೇಲೆ ಕೈ ಹಿಡೀರಿ. ಆಮೇಲೆ ಕೈ ಬಿಡಿ" ಎಂದು ಸುಬೇದಾರರು ತಿದ್ದಿದರು. ಈ ನಾಲ್ಕರಲ್ಲಿ ಕಡೆಯದೇ ಕಠಿಣ. ಎಚ್ಚರಿಕೆಗಳೂ ಉಂಟು. ಡೌನ್ ಸಿಂಡ್ರೋಮ್ ಇರುವ ಕೆಲವರ ಕೊರಳಿನ ಮೇಲಿನ ಕೀಲು ಸಡಿಲವಾಗಿರುತ್ತದೆ. ಅವರನ್ನು ಲಾಗ ಹಾಕಿಸುವ ಮುನ್ನ ವೈದ್ಯರ ಮಾತು ಬೇಕೇ ಬೇಕು.

ಕೆ.ಆರ್. ಪುರದಿಂದ ಬರುವ ಒಬ್ಬರಿಗೆ ಮೂವತ್ತೆಂಟು ವಯಸ್ಸು. ಎಪ್ಪತ್ತು ದಾಟಿದ ತಾಯಿಯೇ ಕರೆತರುತ್ತಿದ್ದರು. ಮೊದಮೊದಲು ನಾವು ಅವರನ್ನು "ಮಗೂ, ಬಾ" ಎನ್ನುತ್ತಿದ್ದೆವು. ಒಂದು ದಿನ ಚೆಂಡನ್ನು ಕೆಳಗಿಟ್ಟು, "ನಾನು ಮಗು ಅಲ್ಲ, ಬುದ್ಧಿ" ಎಂದರು. ಮಠದವರನ್ನು ನಮ್ಮ ಸೀಮೆಯ ಜನ ಬುದ್ಧಿ ಎಂದೇ ಕರೆಯುವುದು ವಾಡಿಕೆ. ಯಾರಿಗೆ ಬುದ್ಧಿ ಕಡಿಮೆಯೆಂದು ಬರೆದುಕೊಟ್ಟಿದ್ದಾರೋ ಅವರೇ ನಮ್ಮನ್ನು ಬುದ್ಧಿ ಎಂದು ಕರೆದು ತಿದ್ದಿದರು. ಅಂದಿನಿಂದ ಮೈದಾನದಲ್ಲಿ ಬಹುವಚನವನ್ನೇ ಆಡುತ್ತಿದ್ದೇವೆ.

ಅಷ್ಟು ಕಲಿತರೂ ಸಾಲಲಿಲ್ಲವೆಂಬುದು ಮುಂದೆ ತಿಳಿಯಿತು. ಒಂದು ಶನಿವಾರ ಆ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದು, "ಬುದ್ಧಿ, ನಾನು ಹೋದ್ಮೇಲೆ ಇವನಿಗೆ ಯಾರು ದಿಕ್ಕು? ಮಠದಲ್ಲಿ ಒಂದು ಮೂಲೆ ಕೊಟ್ಟೀರಾ?" ಎಂದು ಕೇಳಿದರು. ಇಂಥ ಮಗನಿರುವ ಯಾವ ಮನೆಯಲ್ಲಿ ಈ ಪ್ರಶ್ನೆ ಇಲ್ಲ? ದಾಸೋಹದ ಮನೆಯಲ್ಲಿ ಬೆಳೆದ ನಮಗೆ ಉತ್ತರ ತಡವಾಗಲಿಲ್ಲ. "ಚಿಂತೆ ಬಿಡಿ ತಾಯಿ, ಮಠ ಇದೆ" ಎಂದೆವು. ಆಕೆ ಕಣ್ಣೊರೆಸಿಕೊಂಡರು. ನಮಗೂ ಒಳಗೊಳಗೇ ತೃಪ್ತಿ, ಅದನ್ನು ಮರೆಮಾಚುವುದಿಲ್ಲ. ಹಿಂದೆ ನಿಂತಿದ್ದ ಮಗ, "ನನ್ನ ಕೇಳಲಿಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮಠ ಬೇಡ. ನಮ್ಮನೆ ಐತೆ" ಎಂದರು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮೈದಾನದಲ್ಲಿ ಬಹುವಚನ ಕೊಟ್ಟು, ಬಾಳಿನ ಮುಖ್ಯ ಮಾತಿನಲ್ಲಿ ಅವರನ್ನು ಮತ್ತೆ ಮಗುವನ್ನಾಗಿಸಿದ್ದೆವು. ಕಾಯಿದೆ ನಮಗಿಂತ ಮುಂದಿತ್ತು. ಹದಿನೆಂಟು ತುಂಬಿದವರ ಮೇಲೆ ತಾಯಿಗೂ ತಾನಾಗಿ ಅಧಿಕಾರ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿಗಳ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಿರುವ ಸ್ಥಳೀಯ ಸಮಿತಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೂ ಪೋಷಕನಾದವನು ಆ ವ್ಯಕ್ತಿಯೊಡನೆ ಕೂಡಿಯೇ ತೀರ್ಮಾನಿಸಬೇಕೆಂದು ಹೇಳುತ್ತದೆ. ತಾಯಿ ಮಕ್ಕಳಿಬ್ಬರನ್ನೂ, ಹೊಸಕೋಟೆಯಲ್ಲಿರುವ ಅಕ್ಕನನ್ನೂ ಒಟ್ಟಿಗೆ ಕೂರಿಸಿ ನಾವು ಕ್ಷಮೆ ಕೇಳಿದೆವು. ಈ ಸಲ ಮಾತಾಡದೆ ಕುಳಿತೆವು. ಮಗ ಬೇಡಿದ್ದು ಎರಡೇ: ಮನೆ, ಮತ್ತು ಶನಿವಾರದ ಚೆಂಡು. ಮನೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ತಾಯಿಗೆ ಈಗ ಮಂಡಿನೋವು. ಚೆಂಡು ಉಳಿಯಬೇಕಾದರೆ ಅವರು ಒಬ್ಬರೇ ಬರುವುದನ್ನು ಕಲಿಯಬೇಕಾಯಿತು.

2023ರ ಅಕ್ಟೋಬರ್‌ನಿಂದ ಕೆ.ಆರ್. ಪುರದಿಂದ ಹಲಸೂರಿಗೆ ಮೆಟ್ರೋ ರೈಲು ನೇರವಾಗಿ ಬರುತ್ತದೆ. ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ, ಐದನೆಯದು ಹಲಸೂರು. ಒಂದು ಕೈಯ ಬೆರಳು ಸಾಕು. ಸುಬೇದಾರರ ಕ್ರಮವನ್ನೇ ಅನುಸರಿಸಿದೆವು. ಮೊದಲು ನಾವು ಜೊತೆಯಲ್ಲಿ ಕುಳಿತೆವು, ಬಳಿಕ ಎದುರಿನ ಆಸನದಲ್ಲಿ, ಬಳಿಕ ಪಕ್ಕದ ಬೋಗಿಯಲ್ಲಿ. ನಾಲ್ಕು ತಿಂಗಳು ಹಿಡಿಯಿತು.

ಅವರು ಒಬ್ಬರೇ ಬಂದ ದಿನ ಏಳೂವರೆಗೆ ಬರಬೇಕಾದವರು ಎಂಟಾದರೂ ಕಾಣಲಿಲ್ಲ. ನಮ್ಮ ಜಪಕ್ಕೆ ಲೆಕ್ಕ ತಪ್ಪಿತು. ಎಂಟೂ ಹತ್ತಕ್ಕೆ ನಡೆದು ಬಂದರು. ಇಂದಿರಾನಗರದಲ್ಲಿ ಇಳಿದುಬಿಟ್ಟಿದ್ದರು, ಕೆರೆ ಕಾಣಲಿಲ್ಲವೆಂದು ಮತ್ತೆ ಮೇಲೆ ಹತ್ತಿ ಮುಂದಿನ ರೈಲು ಹಿಡಿದಿದ್ದರು. ಇದನ್ನು ನಾವು ಕಲಿಸಿರಲಿಲ್ಲ. ಸುಬೇದಾರರು ಗಡಿಯಾರ ತೋರಿಸಿ, ತಡವಾಗಿ ಬಂದವರಿಗೆಲ್ಲ ವಿಧಿಸುವ ಎರಡು ಸುತ್ತನ್ನು ಅವರಿಗೂ ವಿಧಿಸಿದರು. ಅವರು ಓಡತೊಡಗಿದರು, ನಾವು ತಾಯಿಗೆ ದೂರವಾಣಿ ಮಾಡಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ತಿಂಡಿ ಡಬ್ಬಿ ಕೈಯಲ್ಲಿದೆಯಾ ಬುದ್ಧಿ?" ಎಂದು ಕೇಳಿದರು. ಡಬ್ಬಿ ರೈಲಿನಲ್ಲೇ ಉಳಿದಿತ್ತು. ಸುಬೇದಾರರ ಇಡ್ಲಿಯಲ್ಲಿ ಅಂದು ಪಾಲಾಯಿತು.