ಯಾರ ಕೈಗೆ, ಸಾಬ್ರೇ?

ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋಗಿದ್ದಾಗ ನಾವು ಅಡುಗೆ ಮನೆಗೊಂದು ಚಾಕು ಕೊಂಡೆವು. ಯಾವುದೋ ಕಥೆಗೆ ಒಂದಿಷ್ಟು ಸಂಭಾವನೆ ಬಂದಿತ್ತು. ಜೇಬು ಬೆಚ್ಚಗಿದ್ದಾಗ ಗಂಡಸಿಗೆ ಮನೆಯ ನೆನಪು ಸ್ವಲ್ಪ ಜಾಸ್ತಿಯೇ ಆಗುತ್ತದೆ. ಹತ್ತು ಇಂಚಿನ ಅಲಗು, ಕಪ್ಪು ಹಿಡಿ, ಹಿಡಿಯಲ್ಲಿ ಮೂರು ಹೊಳೆಯುವ ಮೊಳೆ. ಟಿವಿಯಲ್ಲಿ ಬಿಳಿ ಟೋಪಿಯ ಬಾಣಸಿಗರು ಟಕಟಕನೆ ಈರುಳ್ಳಿ ಕೊಚ್ಚುತ್ತಾರಲ್ಲ, ಅಂಥದ್ದು. ಬೆಲೆ ನೆನಪಾದರೆ ನಮ್ಮ ಮನೆಯವರು ಈಗಲೂ ಬೈಯುತ್ತಾರೆ. ಹಾಗಾಗಿ ಅದನ್ನು ಇಲ್ಲಿ ಬರೆಯುವುದಿಲ್ಲ.

ಕೊಪ್ಪಕ್ಕೆ ಮರಳುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ನಮ್ಮ ಕಡೆಯವರೇ, ತೋಟದವರು. ಮಳೆ, ಅಡಿಕೆ ರೇಟು, ಎಲೆಚುಕ್ಕಿ ರೋಗ ಎಂದು ಮಾತು ಸಾಗಿತ್ತು. ನಮ್ಮ ತೊಡೆಯ ಮೇಲಿದ್ದ ಉದ್ದನೆಯ ಡಬ್ಬಿ ನೋಡಿ "ಎಂತ ಸಾಬ್ರೇ ಅದು?" ಎಂದು ಕೇಳಿದರು. ನಾವು "ಪುಸ್ತಕ" ಎಂದುಬಿಟ್ಟೆವು.

ಅವರ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅನುಮಾನ ಇದ್ದದ್ದು ನಮ್ಮೊಳಗೆ. ಗಡ್ಡ, ಟೋಪಿ, ತೊಡೆಯ ಮೇಲೆ ಹತ್ತಿಂಚಿನ ಅಲಗು. ನಾಲ್ಕು ದಶಕ ಕನ್ನಡ ಪತ್ರಿಕೆ ಓದಿದವರಿಗೆ ಗೊತ್ತು, ಅಲ್ಲಿ 'ಚೂರಿ' ಎಂಬ ಪದದ ಹಿಂದೆಯೇ 'ಇರಿತ' ಬರುತ್ತದೆ. ಈರುಳ್ಳಿ ಬರುವುದಿಲ್ಲ. ಬದನೆಕಾಯಿ ಹೆಚ್ಚಲು ತಂದ ವಸ್ತುವಿನ ಬಗ್ಗೆ ಸುಳ್ಳು ಹೇಳಿದ್ದಕ್ಕೆ ನಮಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಹಾಗೆಂದು ಮಾತು ತಿದ್ದಿಕೊಳ್ಳುವ ಧೈರ್ಯವೂ ಬರಲಿಲ್ಲ.

ಮನೆಯಲ್ಲಿ ಡಬ್ಬಿ ತೆರೆದಾಗ ನಮ್ಮವರು "ಮಾಷಾ ಅಲ್ಲಾಹ್" ಎಂದರು. ಎರಡು ದಿನ ಬಳಸಿದರು. ಮೂರನೆಯ ದಿನ ಅದು ಡಬ್ಬಿಗೆ ಮರಳಿತು. ಸಂತೆಯಲ್ಲಿ ಕೊಂಡ, ಗರಗಸದಂತೆ ಹಲ್ಲಿರುವ ಪುಟ್ಟ ಕೆಂಪು ಹಿಡಿಯ ಚಾಕು ಮತ್ತೆ ಅವರ ಕೈ ಸೇರಿತು. ಆ ರಂಜಾನಿನಲ್ಲಿ ಒಂದು ಸಂಜೆ ಇಫ್ತಾರಿಗೆ ಇನ್ನೇನು ಹತ್ತು ನಿಮಿಷ ಇದೆ ಎನ್ನುವಾಗ ಅನಾನಸ್ ಸಿಪ್ಪೆಯ ಮೇಲೆ ಆ ಮೊಂಡು ಚಾಕು ಜಾರಿತು. ಎಡಗೈ ಹೆಬ್ಬೆರಳಿಗೆ ಮೂರು ಹೊಲಿಗೆ.

ಆಸ್ಪತ್ರೆಯಿಂದ ಬರುವಾಗ ನಾವು ಸುಮ್ಮನಿರಬೇಕಿತ್ತು, ಇರಲಿಲ್ಲ. "ಅಷ್ಟು ದುಡ್ಡು ಕೊಟ್ಟು ತಂದದ್ದು ಡಬ್ಬಿಯಲ್ಲಿಡಲಿಕ್ಕಾ?" ಎಂದೆವು. ಅವರು ಸಿಟ್ಟು ಮಾಡಲಿಲ್ಲ. "ಅಂಗಡಿಯಲ್ಲಿ ಅದನ್ನು ಹಿಡಿದು ನೋಡಿದವರು ಯಾರು?" ಎಂದಷ್ಟೇ ಕೇಳಿದರು.

ಹೆಬ್ಬೆರಳಿಗೆ ಕಟ್ಟು ಇದ್ದಷ್ಟು ದಿನ ತರಕಾರಿ ಹೆಚ್ಚುವ ಕೆಲಸ ನಮಗೆ ಬಿತ್ತು. ಆಗ ಅಮ್ಮಿಯ ಮೆಟ್ಟುಗತ್ತಿ ನೆನಪಾಯಿತು. ಬಯಲುಸೀಮೆಯವರು ಈಳಿಗೆ ಎನ್ನುವುದನ್ನು ನಮ್ಮ ಮಲೆನಾಡಿನಲ್ಲಿ ಮೆಟ್ಟುಗತ್ತಿ ಎನ್ನುತ್ತಾರೆ. ಮಣೆಯನ್ನು ಕಾಲಿನಿಂದ ಅದುಮಿ ಹಿಡಿದು ಅಮ್ಮಿ ನೆಲದಲ್ಲಿ ಕೂರುತ್ತಿದ್ದರು. ಕತ್ತಿ ಅಲುಗುತ್ತಿರಲಿಲ್ಲ. ಹಲಸಿನ ಗುಜ್ಜೆ, ಬಾಳೆದಿಂಡು, ಮಳೆಗಾಲದ ಕಳಲೆ, ಬೂದಿ ಹಚ್ಚಿದ ಮೀನು, ಎಲ್ಲವೂ ಕತ್ತಿಯ ಬಳಿಗೆ ಹೋಗುತ್ತಿದ್ದವು. ಎರಡು ಕೈಗಳ ಬಲವೂ ತರಕಾರಿಯ ಮೇಲೇ ಬೀಳುತ್ತಿತ್ತು. ನರಸಿಂಹರಾಜಪುರದ ನಮ್ಮ ಅತ್ತೆಮನೆಯಲ್ಲೂ ಅದೇ ಪದ್ಧತಿ. ಭದ್ರಾ ಹಿನ್ನೀರಿನ ಮೀನು ಬಂದ ದಿನ ಅಲ್ಲಿ ಮೆಟ್ಟುಗತ್ತಿಯ ಸುತ್ತ ಬೆಕ್ಕುಗಳ ಜಮಾತೇ ಸೇರುತ್ತಿತ್ತು.

ಆಮೇಲೆ ಅಡುಗೆ ಮನೆ ನೆಲದಿಂದ ಮೇಲೆದ್ದಿತು. ಗ್ಯಾಸ್ ಬಂತು, ಗ್ರಾನೈಟ್ ಕಟ್ಟೆ ಬಂತು. ಅಮ್ಮಿಯ ಮಂಡಿ ನೋವಿಗೆ ಅದೇ ಸರಿ ಎಂದು ನಾವೇ ಮುಂದೆ ನಿಂತು ಕಟ್ಟಿಸಿದೆವು. ನಿಂತು ಅಡುಗೆ ಮಾಡುವವರಿಗೆ ಮೆಟ್ಟುಗತ್ತಿ ಒದಗುವುದಿಲ್ಲ. ಅದು ಅಟ್ಟ ಸೇರಿತು. ಅದರ ಜಾಗಕ್ಕೆ ಏನು ಬರಬೇಕು ಎಂದು ಮಾತ್ರ ಯಾರೂ ಯೋಚಿಸಲಿಲ್ಲ. ಕಟ್ಟೆಗೆ ಎಂಥ ಕಲ್ಲು, ಕಲ್ಲಿಗೆ ಎಂಥ ಬಣ್ಣ ಎಂದು ನಾವು ಗಂಡಸರು ವಾರಗಟ್ಟಲೆ ಚರ್ಚೆ ಮಾಡಿದೆವು. ಆ ಕಲ್ಲಿನ ಮೇಲೆ ಹೆಂಗಸರ ಕೈಯಲ್ಲಿರುವುದು ಸಂತೆಯ ಕೆಂಪು ಚಾಕು!

ಬಕ್ರೀದ್ ಹತ್ತಿರ ಬಂತು. ಪ್ರತಿವರ್ಷದಂತೆ ಕುರ್ಬಾನಿಯ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶೃಂಗೇರಿ ಪೇಟೆಯಾಚೆಯ ಆಚಾರ್ರ ಕುಲುಮೆಗೆ ಹೋದೆವು. ಅಬ್ಬಾನ ಕಾಲದಿಂದಲೂ ಅದು ಅಲ್ಲೇ ಹದಗೊಳ್ಳುವುದು. ಬಲಿಯ ಪ್ರಾಣಿಗೆ ನೋವು ಕಡಿಮೆಯಾಗುವಂತೆ ಅಲಗನ್ನು ಚೆನ್ನಾಗಿ ಹರಿತ ಮಾಡಿಕೊಳ್ಳಬೇಕು ಎಂಬುದು ಪ್ರವಾದಿಯವರ (ಸ) ಬೋಧನೆ. ಅದರಲ್ಲಿ ನಮ್ಮ ಮನೆಯಲ್ಲಿ ಎಂದೂ ಲೋಪವಾದದ್ದಿಲ್ಲ. ಆಚಾರ್ರು ಚೂರಿಯನ್ನು ತಿರುಗಿಸಿ ನೋಡಿ, "ಇದಕ್ಕೆಂತ ಆಗಿದೆ ಸಾಬ್ರೇ, ವರ್ಷಕ್ಕೊಂದು ದಿನದ ಕೆಲಸ. ದಿನಾ ಹೆಚ್ಚುವುದನ್ನ ನೀವು ಒಂದು ದಿನವೂ ತರಲಿಲ್ಲವಲ್ಲ?" ಎಂದರು.

ಅವರು ಸಹಜವಾಗಿ ಕೇಳಿದ್ದು. ನಮಗೆ ಮಾತ್ರ ಮೂರು ಹೊಲಿಗೆ ಕಣ್ಣ ಮುಂದೆ ಬಂತು. ವರ್ಷಕ್ಕೊಮ್ಮೆ ಗಂಡಸರು ಹಿಡಿಯುವ ಚೂರಿಗೆ ಇಷ್ಟು ಉಪಚಾರ. ದಿನಕ್ಕೆ ಮೂರು ಹೊತ್ತು ಹೆಂಗಸರು ಹಿಡಿಯುವ ಚಾಕುವನ್ನು ಮಸೆಯಬೇಕೆಂದು ಈ ಮನೆಯ ಯಾವ ಗಂಡಸಿಗೂ ತೋಚಿಲ್ಲ. ಪ್ರಾಣಿಯ ಕತ್ತಿಗೆ ತೋರಿದ ಕರುಣೆಯಲ್ಲಿ ಮನೆಯವರ ಬೆರಳಿಗೆ ಪಾಲಿರಲಿಲ್ಲ.

"ಹಾಗಾದರೆ ಅಡುಗೆಗೊಂದು ಮಾಡಿಕೊಡಿ" ಎಂದೆವು.

"ಯಾರ ಕೈಗೆ, ಸಾಬ್ರೇ?"

"ಮನೆಯವರ ಕೈಗೆ."

"ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ ಮಾರಾಯ್ರೇ. ನಿಮ್ಮ ಕೈ ಅಳತೆ ತಗೊಂಡು ನಾನೆಂತ ಮಾಡ್ಲಿ?"

ಮುಂದಿನ ವಾರ ಇಬ್ಬರೂ ಹೋದೆವು. ಆಚಾರ್ರು ನಮ್ಮವರಿಗೆ ಒಂದು ಮರದ ತುಂಡು ಕೊಟ್ಟು ಹಿಡಿಯಲು ಹೇಳಿದರು. ಎಂತ ಎಂತ ಹೆಚ್ಚುತ್ತೀರಿ, ಮಣೆ ಮರದ್ದೋ ಪ್ಲಾಸ್ಟಿಕ್ಕಿನದೋ, ಮೂಳೆ ಕಡಿಯುವುದುಂಟೋ ಎಂದು ಕೇಳಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವು ಕೇಳದ ಪ್ರಶ್ನೆಗಳು. ನಮ್ಮವರು ಒಂದೊಂದಕ್ಕೂ ವಿವರವಾಗಿ ಉತ್ತರ ಹೇಳುವುದನ್ನು ನಾವು ಮೂಲೆಯಲ್ಲಿ ನಿಂತು ಕೇಳಿದೆವು. ಹತ್ತಿಂಚಿನದು ಹಿಡಿದರೆ ಮಣಿಕಟ್ಟು ಜಗ್ಗುತ್ತದೆ, ಅದರ ಹಿಡಿಯ ಸುತ್ತ ಬೆರಳು ಕೂಡುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಅಲ್ಲಿ.

ಕುಲುಮೆಗೆ ಬಿದ್ದದ್ದು ಲಾರಿಯ ಹಳೇ ಪಟ್ಟಿಯ ತುಂಡು. ಲಾರಿ ಪಟ್ಟಿಯಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲ ಇರುತ್ತದೆ. ಅಲಗು ಗಟ್ಟಿಯಾಗುವುದು ಅದರಿಂದ. ಕೆಂಪಗೆ ಕಾಯಿಸಿ ತಣಿಸಿದರೆ ಉಕ್ಕು ಗಾಜಿನಂತೆ ಬಿರುಸಾಗುತ್ತದೆ, ಬಿದ್ದರೆ ಮುರಿಯುತ್ತದೆ. ಆದ್ದರಿಂದ ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಉಜ್ಜಿದ ಅಲಗಿನ ಮೇಲೆ ಒಣಹುಲ್ಲಿನ ಬಣ್ಣ ಓಡಿ ಬಂದ ಕ್ಷಣಕ್ಕೆ ನಿಲ್ಲಿಸಬೇಕು. ನೀಲಿಗೆ ತಿರುಗಿದರೆ ಮೆತ್ತಗಾಯಿತು. ಆಚಾರ್ರ ಬಳಿ ಉಷ್ಣಮಾಪಕ ಇಲ್ಲ, ಕಣ್ಣಿದೆ. ಉಕ್ಕಿಗೂ ಮಣ್ಣಿಗೂ ರೊಟ್ಟಿಯ ಹಿಟ್ಟಿಗೂ ಕನ್ನಡದಲ್ಲಿ ಒಂದೇ ಮಾತು: ಹದ.

ಆ 'ಉಕ್ಕು' ಎಂಬ ಮಾತಿನ ಬಗ್ಗೆಯೂ ಒಂದಿಷ್ಟು ಹೇಳಬೇಕು. ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾಗುತ್ತಿದ್ದ ಉಕ್ಕಿಗೆ ಇಂಗ್ಲಿಷರು 'ವೂಟ್ಜ್' ಎಂದರು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಕುರಿತು ಪ್ರಬಂಧ ಮಂಡನೆಯಾಯಿತು. ನಮ್ಮ 'ಉಕ್ಕು' ಎಂಬುದೇ ಅವರ ಬಾಯಲ್ಲಿ ಹಾಗಾಯಿತು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅದಕ್ಕೂ ಎಷ್ಟೋ ಶತಮಾನ ಮೊದಲೇ ಹಿಂದೂಸ್ತಾನದ ಉಕ್ಕು ಅರಬರಿಗೆ ಚಿರಪರಿಚಿತ. ಹಿಂದ್‌ನ ಉಕ್ಕಿನಿಂದ ಮಾಡಿದ ಖಡ್ಗಕ್ಕೆ ಅರಬಿಯಲ್ಲಿ 'ಮುಹನ್ನದ್' ಎಂದೇ ಹೆಸರು. ಹೆಸರಲ್ಲೇ ಹಿಂದ್ ಇದೆ. ಉರ್ದು ಶಾಲೆಯ ಬೆಂಚಿನಿಂದ ಕನ್ನಡ ಶಾಲೆಯ ಬೆಂಚಿಗೆ ಬಂದ ನಮಗೆ, ಈ ಎರಡು ಲೋಕಗಳ ನಡುವೆ ಇಂಥದ್ದೊಂದು ಹಳೆಯ ವ್ಯಾಪಾರ ಇತ್ತೆಂದು ತಿಳಿದಾಗ ಬಹಳ ಖುಷಿಯಾಗಿತ್ತು. ನಮ್ಮ ದಿನದ ಮಾತಿನಲ್ಲೂ ಅದೇ ಕಥೆ. 'ಚಾಕು' ಪಾರಸಿಯ ಮೂಲಕ ಕನ್ನಡಕ್ಕೆ ಬಂದದ್ದು. ಉರ್ದುವಿನ 'ಛುರಿ' ಮತ್ತು ಕನ್ನಡದ 'ಚೂರಿ' ಅಕ್ಕತಂಗಿಯರು.

ಆಚಾರ್ರ ಕುಲುಮೆಗೆ ಈಗ ಕೆಲಸ ಕಡಿಮೆ. ಮೊದಲೆಲ್ಲ ಅಡಿಕೆ ಸುಗ್ಗಿಗೆ ಮುಂಚೆ ಸುಲಿಯುವ ಮೆಟ್ಟುಗತ್ತಿಗಳ ರಾಶಿಯೇ ಬಂದು ಬೀಳುತ್ತಿತ್ತಂತೆ. ಸುಲಿಯುವ ಯಂತ್ರ ಬಂದ ಮೇಲೆ ಆ ರಾಶಿ ಕರಗಿದೆ. ಮಗ ಬೆಂಗಳೂರಿನಲ್ಲಿದ್ದಾನೆ.

ಚಾಕು ಕೊಳ್ಳುವವರಿಗೆ ನಾವು ಈ ಪ್ರಕರಣದಿಂದ ಕಲಿತ ನಾಲ್ಕು ಮಾತು. ಎಲ್ಲರಿಗೂ ಶೃಂಗೇರಿಯ ಕುಲುಮೆ ಸಿಗುವುದಿಲ್ಲ, ಅಂಗಡಿಯದೂ ಆಗಬಹುದು. ಮನೆಗೆ ಆರರಿಂದ ಎಂಟು ಇಂಚಿನ ಅಲಗು ಸಾಕು. ಹಿಡಿಯ ಬಳಿ ಅಲಗು ಸಾಕಷ್ಟು ಅಗಲವಿರಬೇಕು, ಇಲ್ಲವಾದರೆ ಬೆರಳ ಗೆಣ್ಣು ಮಣೆಗೆ ಬಡಿಯುತ್ತದೆ. ಅಲಗಿನ ಕಬ್ಬಿಣ ಹಿಡಿಯೊಳಗೆ ಕೊನೆತನಕ ಹೋಗಿರಲಿ. ಅಲಗು ಮತ್ತು ಹಿಡಿ ಸೇರುವಲ್ಲಿ ಒಂದು ಬೆರಳ ಮೇಲಿಟ್ಟರೆ ಎತ್ತಲೂ ಜೋರಾಗಿ ವಾಲದಂಥದ್ದು ಕೈಗೆ ಹಗುರ. ಹಲ್ಲಿನ ಚಾಕು ಬ್ರೆಡ್ಡಿಗೆ ಸರಿ, ಆದರೆ ಅದನ್ನು ಮನೆಯ ಕಲ್ಲಿನಲ್ಲಿ ಮಸೆಯಲಾಗುವುದಿಲ್ಲ. ಮೂಳೆಗೆ ಬೇರೆ ಕತ್ತಿಯೇ ಬೇಕು.

ಸ್ಟೀಲೋ ಕಬ್ಬಿಣವೋ ಎಂಬುದು ನಮ್ಮ ಮಲೆನಾಡಿನಲ್ಲಿ ದೊಡ್ಡ ಪ್ರಶ್ನೆ. ತುಕ್ಕು ಹಿಡಿಯದ ಸ್ಟೀಲಿನ ಗುಟ್ಟು ಅದರಲ್ಲಿರುವ ಕ್ರೋಮಿಯಂ. ಶೆಫೀಲ್ಡಿನಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಅಂಥ ಉಕ್ಕನ್ನು ಎರಕ ಹೊಯ್ದ. ಆಚಾರ್ರ ಕತ್ತಿಯಲ್ಲಿ ಆ ರಕ್ಷಣೆ ಇಲ್ಲ. ಆಷಾಢದ ಮಳೆಯಲ್ಲಿ ಒದ್ದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು. ಬಾಳೆಕಾಯಿ, ಮಾವಿನಕಾಯಿ ಹೆಚ್ಚಿದರೆ ಅವುಗಳ ಒಗರು ಕಬ್ಬಿಣಕ್ಕೆ ತಾಗಿ ಕತ್ತಿ ಕಪ್ಪಾಗುತ್ತದೆ. ಆ ಕಪ್ಪು ತುಕ್ಕಲ್ಲ, ಹೆದರಬೇಕಿಲ್ಲ. ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಮುಗಿಯಿತು. ಗುಜ್ಜೆಯ ಮೇಣಕ್ಕೂ ಅದೇ ಎಣ್ಣೆ ಮದ್ದು. ಇಷ್ಟು ಸೇವೆ ಆಗದವರು ಸ್ಟೀಲನ್ನೇ ಕೊಳ್ಳಲಿ, ತಪ್ಪಿಲ್ಲ.

ಯಾವುದನ್ನು ಕೊಂಡರೂ ಗಾಜಿನ ಮೇಲೆ, ಗ್ರಾನೈಟಿನ ಮೇಲೆ, ಸ್ಟೀಲ್ ತಟ್ಟೆಯಲ್ಲಿ ಹೆಚ್ಚಿದರೆ ಬಾಯಿ ಬೇಗ ಹೋಗುತ್ತದೆ. ಮರದ ಮಣೆ ಬೇಕು. ಮಸೆಯುವುದು ಮಂತ್ರವಲ್ಲ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧ ವಾಲಿಸಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ, ಇನ್ನೊಂದು ಚೂರು ತಗ್ಗಿಸಿದರೆ ಕೋನ ಸಿಕ್ಕಿತು. ಅದನ್ನು ಕದಲಿಸದೆ ಎರಡೂ ಬದಿ ಸಮವಾಗಿ ಉಜ್ಜಬೇಕು. ಈ ಕೆಲಸ ಈಗ ನಮ್ಮದು. ಜುಮಾ ನಮಾಜಿಗೆ ಹೊರಡುವ ಮೊದಲು ಹದಿನೈದು ನಿಮಿಷ. ಫಲ ಬಿರಿಯಾನಿಯಲ್ಲಿ ಕಾಣುತ್ತದೆ. ಈರುಳ್ಳಿಯ ಎಸಳು ಒಂದೇ ದಪ್ಪ ಇದ್ದರೆ ಎಲ್ಲವೂ ಒಟ್ಟಿಗೆ ಕೆಂಪಗಾಗುತ್ತವೆ, ಒಂದು ಹಸಿ ಒಂದು ಕರಕಲು ಆಗುವುದಿಲ್ಲ. ಕಣ್ಣೀರೂ ಕಡಿಮೆ. ಮೊಂಡು ಚಾಕು ಈರುಳ್ಳಿಯನ್ನು ಜಜ್ಜುತ್ತದೆ, ಜಜ್ಜಿದಷ್ಟೂ ಅದರ ಘಾಟು ಮೇಲೇಳುತ್ತದೆ.

ಏಳು ಇಂಚಿನ ಆ ಚಾಕು ತಯಾರಾದ ದಿನ ನಾವೊಬ್ಬರೇ ಹೋಗಿ ತಂದೆವು. ಬೈನೆ ಮರದ ಹಿಡಿ, ನಮ್ಮ ಅಂಗೈಗೆ ಸಣ್ಣದು. ಆಚಾರ್ರು ಅಲಗನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ಬಾಳೆನಾರು ಕಟ್ಟಿಕೊಟ್ಟರು. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ನಮ್ಮ ಕಡೆ ಸಿಕ್ಕಿದ ಬಸ್ಸೇ ನಮ್ಮ ಬಸ್ಸು. ಹರಿಹರಪುರದಲ್ಲಿ ಹತ್ತಿದ ಹಿರಿಯರೊಬ್ಬರು ಪಕ್ಕದಲ್ಲಿ ಕೂತರು. ತೊಡೆಯ ಮೇಲಿನ ಹಾಳೆಯ ಕಟ್ಟು ನೋಡಿ, "ಎಂತ ಸಾಬ್ರೇ ಅದು?" ಎಂದರು.

ಒಂದು ಗಳಿಗೆ ಬಾಯಿ ಒಣಗಿತು.

"ಚೂರಿ. ಅಡುಗೆ ಮನೆಗೆ" ಎಂದೆವು.

"ಹೌದಾ, ತೋರಿಸಿ ನೋಡುವ" ಎಂದು ಅವರೇ ನಾರು ಬಿಚ್ಚಿದರು. ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಗುರಿನ ಮೇಲಿಟ್ಟು ಹರಿತ ನೋಡಿದರು. ಯಾರ ಕುಲುಮೆ, ಎಷ್ಟು ದಿನ ಹಿಡಿಯಿತು, ಎಷ್ಟು ಕೊಟ್ಟಿರಿ ಎಂದೆಲ್ಲ ವಿಚಾರಿಸಿದರು. ಹಿಂದಿನ ಸೀಟಿನವರೂ ಬಗ್ಗಿ ನೋಡಿದರು. ಚಾಕು ಬಸ್ಸಿನಲ್ಲಿ ನಾಲ್ಕು ಕೈ ತಿರುಗಿ ನಮ್ಮ ತೊಡೆಗೆ ಮರಳಿತು.

"ನಮ್ಮನೆಯವಳಿಗೂ ಒಂದು ಮಾಡಿಸಬೇಕು ಮಾರಾಯ್ರೇ. ಈ ಹಿಡಿ ಯಾಕೋ ಸಣ್ಣ ಆಯ್ತಲ್ಲ?" ಎಂದು ಅವರು ತಮ್ಮ ಅಂಗೈ ಅಗಲಿಸಿ ಅಳೆಯತೊಡಗಿದರು.

"ನಿಮ್ಮ ಕೈ ಅಳೆದು ಉಪಯೋಗ ಇಲ್ಲ, ಅಮ್ಮನವರನ್ನೇ ಕರ್ಕೊಂಡು ಹೋಗಿ" ಎಂದು ನಾವು ಕುಲುಮೆಯ ದಾರಿ ಹೇಳಿದೆವು.