ದುರ್ಗದ ಹಾದಿಯಲ್ಲಿ ಹಾಕಿಯ ಪಾಠ

ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ಹೆದ್ದಾರಿ ಹಿರಿಯೂರನ್ನು ಸಮೀಪಿಸುತ್ತಿದ್ದಂತೆ ಆಕಾಶ ವಿಶಾಲವಾಗುತ್ತದೆ. ಮಳೆ ಕಡಮೆಯಾದ ಬಯಲುಸೀಮೆ ಇದು. ದೂರದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ಬಿಳಿಯ ರೆಕ್ಕೆಗಳು ಆಲಸ್ಯದಿಂದ ತಿರುಗುತ್ತಿರುತ್ತವೆ. ಊರು ಬಂದಾಗಲೆಲ್ಲ ಶಾಲೆಯ ಮೈದಾನವೊಂದು ಕಣ್ಣಿಗೆ ಬೀಳುತ್ತದೆ. ಅಲ್ಲಿ ಹುಡುಗರು ಕ್ರಿಕೆಟ್ಟನ್ನೋ ಕಬಡ್ಡಿಯನ್ನೋ ಆಡುತ್ತಿರುತ್ತಾರೆ. ಹಾಕಿಯ ಕೋಲು ಹಿಡಿದವರನ್ನು ಕಾಣಬೇಕಾದರೆ ಪ್ರಯಾಣಿಕನು ಇನ್ನೂ ಬಹುದೂರ, ಕೊಡಗಿನವರೆಗೆ ಹೋಗಬೇಕು. ಆದರೆ ಹಾಕಿಯ ಕಾನೂನನ್ನು ತಿಳಿಯಬೇಕೆನ್ನುವವನಿಗೆ ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಈ ಹಾದಿಗಿಂತ ಒಳ್ಳೆಯ ಪಾಠಶಾಲೆ ದೊರೆಯಲಾರದು.

ಈಚಿನ ವರ್ಷಗಳಲ್ಲಿ ಹಾಕಿಯು ಮತ್ತೆ ಮನೆಮನೆಯ ಮಾತಾಗಿದೆ. ಟೋಕಿಯೋ ನಗರದಲ್ಲಿ 2021ರ ಆಗಸ್ಟ್ 5ರಂದು ಭಾರತ ತಂಡವು ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚಿನ ಪದಕ ಗೆದ್ದಿತು. ಒಲಿಂಪಿಕ್ಸ್‌ನ ಹಾಕಿ ಪದಕವೊಂದು ದೇಶಕ್ಕೆ ಬಂದದ್ದು 41 ವರ್ಷಗಳ ಮೇಲೆ. 2024ರಲ್ಲಿ ಪ್ಯಾರಿಸಿನಲ್ಲಿಯೂ ಕಂಚು ಬಂದಿತು. ಮನೆಯವರೆಲ್ಲ ಟೆಲಿವಿಷನ್ನಿನ ಮುಂದೆ ಕುಳಿತು ಆ ಪಂದ್ಯಗಳನ್ನು ನೋಡಿದರು. ಆದರೆ ಎರಡು ನಿಮಿಷಕ್ಕೊಮ್ಮೆ ಅಂಪೈರಿನ ಸೀಟಿ ಕೇಳಿದಾಗ ಒಂದೇ ಪ್ರಶ್ನೆ: “ಈಗ ಏನಾಯಿತು? ಏಕೆ ನಿಲ್ಲಿಸಿದರು?” ತಂದೆಗೂ ತಿಳಿಯದು, ಮಗಳಿಗೂ ತಿಳಿಯದು. ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯು ನಿಯಮವನ್ನು ಅಜ್ಜಿಯರೂ ಬಲ್ಲ ನಾಡಿನಲ್ಲಿ ಹಾಕಿಯ ಫ್ರೀ ಹಿಟ್ ಮಾತ್ರ ಒಗಟಾಗಿಯೇ ಉಳಿದಿದೆ.

ಕಣಿವೆಯ ಇಕ್ಕಟ್ಟು

ಹಿರಿಯೂರಿನ ಬಳಿಯ ಮಾರಿಕಣಿವೆಯನ್ನು ನೋಡದೆ ಮುಂದೆ ಹೋಗುವ ಪ್ರವಾಸಿ ವಿರಳ. ಮೈಸೂರು ಸಂಸ್ಥಾನದ ಸರಕಾರವು 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು ಎರಡು ಗುಡ್ಡಗಳ ನಡುವೆ ವೇದಾವತಿ ನದಿಯನ್ನು ಹಿಡಿದು ನಿಲ್ಲಿಸಿದೆ. 1933ರಲ್ಲಿ ಕೋಡಿ ಹರಿದ ಈ ಜಲಾಶಯವು ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಆ ದಿನಗಳಲ್ಲಿ ಸುತ್ತಣ ಊರುಗಳ ಜನ ಜಾತ್ರೆಗೆಂಬಂತೆ ಬಂದು ನೀರನ್ನು ನೋಡಿ ಕಣ್ತುಂಬಿಕೊಂಡರು.

ಕಟ್ಟೆಯ ಮೇಲೆ ನಿಂತವನಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನದಿ ಬಯಲಿನಲ್ಲಿ ಹರಡಿಕೊಂಡಿದ್ದಲ್ಲಿ ಅದನ್ನು ಕಟ್ಟಿದ್ದರೆ ಎಷ್ಟು ಕಲ್ಲಿದ್ದರೂ ಸಾಲುತ್ತಿರಲಿಲ್ಲ. ಇಕ್ಕಟ್ಟಿನಲ್ಲಿ ಕಟ್ಟಿದ ಒಂದು ಗೋಡೆ ಇಡೀ ಕಣಿವೆಯ ನೀರನ್ನು ತಡೆದಿದೆ. ನೆಲದಲ್ಲಿ ಎಲ್ಲ ಸ್ಥಳಕ್ಕೂ ಒಂದೇ ಬೆಲೆಯಿಲ್ಲ. ಹಾಕಿಯ ಕಾನೂನಿನ ಬೀಜಮಂತ್ರವೂ ಇದೇ. ಒಂದೇ ತಪ್ಪು, ನಡೆದ ಸ್ಥಳಕ್ಕೆ ತಕ್ಕಂತೆ, ಬೇರೆಬೇರೆ ಶಿಕ್ಷೆಯನ್ನು ತರುತ್ತದೆ.

ಆದರೆ ಮೊದಲು ತಪ್ಪು ಯಾವುದೆಂಬುದು ತಿಳಿಯಬೇಕಷ್ಟೆ. ಹಾಕಿಯ ಕೋಲಿನ ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ಚಪ್ಪಟೆಯ ಮುಖದಿಂದ ಮಾತ್ರ ಚೆಂಡನ್ನು ಆಡಬೇಕು. ಬೆನ್ನಿನಿಂದ ಆಡಿದರೆ ಫೌಲ್. ಗೋಲ್ ಕೀಪರನ್ನು ಬಿಟ್ಟು ಉಳಿದವರು ಕಾಲಿನಿಂದಾಗಲಿ ಮೈಯಿಂದಾಗಲಿ ಚೆಂಡನ್ನು ತಡೆದು ಲಾಭ ಪಡೆಯಬಾರದು. ಎದುರಾಳಿಗೂ ಚೆಂಡಿಗೂ ನಡುವೆ ಮೈಯನ್ನು ಅಡ್ಡಹಾಕಿ ಮರೆಮಾಡಬಾರದು. ಎದುರಾಳಿಯ ಕೋಲನ್ನು ಹೊಡೆಯಬಾರದು, ಹಿಡಿಯಬಾರದು. ಐದು ಮೀಟರಿನೊಳಗೆ ನಿಂತವನ ಮೈಮೇಲೆ ಚೆಂಡು ಎಗರುವಂತೆ ಆಡುವುದು ಅಪಾಯದ ಆಟವೆನಿಸುತ್ತದೆ.

ಇಷ್ಟೊಂದು ನಿಷೇಧಗಳೇಕೆ? ಚೆಂಡಿನ ತೂಕ 156ರಿಂದ 163 ಗ್ರಾಂ. ಅದು ಕಲ್ಲಿನಂತೆ ಗಟ್ಟಿ. ಕೋಲು 737 ಗ್ರಾಂವರೆಗೆ ತೂಗಬಹುದು. ಇಂಥ ಕೋಲುಗಳನ್ನು ಹಿಡಿದ ಇಪ್ಪತ್ತೆರಡು ಮಂದಿ ಒಂದೇ ಚೆಂಡಿನ ಹಿಂದೆ ಓಡುತ್ತಾರೆ. ಕಾನೂನು ಸಡಿಲವಾದರೆ ಆಟವು ಹೊಡೆದಾಟವಾಗಲು ಅರೆಕ್ಷಣ ಸಾಕು.

ಏಳು ಸುತ್ತಿನ ಕೋಟೆ

ಹಿರಿಯೂರನ್ನು ಬಿಟ್ಟು ಮುಂದೆ ಬಂದರೆ ಚಿತ್ರದುರ್ಗದ ಬಂಡೆಗಳು ಒಂದರ ಮೇಲೊಂದು ಎದ್ದು ನಿಲ್ಲುತ್ತವೆ. ಏಳು ಸುತ್ತಿನ ಕೋಟೆ ಎಂದು ಹೆಸರಾದ ದುರ್ಗವಿದು. ಪಾಳೆಯಗಾರ ನಾಯಕರು ಬೆಳೆಸಿದ ಈ ಕೋಟೆ ಹೈದರಾಲಿಯ ಮುತ್ತಿಗೆಗಳನ್ನು ಎದುರಿಸಿ, ಕೊನೆಗೆ 1779ರಲ್ಲಿ ಕೊನೆಯ ಮದಕರಿನಾಯಕನ ಕಾಲಕ್ಕೆ ಅವನ ವಶವಾಯಿತು. ಬಾಗಿಲಿನಿಂದ ಬಾಗಿಲಿಗೆ ದಾರಿ ನೇರವಾಗಿಲ್ಲ. ಪ್ರತಿ ಹೆಬ್ಬಾಗಿಲಿನ ಬಳಿಯೂ ಅದು ತಿರುಗುತ್ತದೆ. ಹೊರಸುತ್ತಿನಲ್ಲಿ ಕಾವಲುಗಾರ ಎಡವಿದರೆ ಶತ್ರುವಿಗೆ ಒಂದು ಬೀದಿ ಸಿಕ್ಕೀತು. ಒಳಸುತ್ತಿನಲ್ಲಿ ಎಡವಿದರೆ ಅರಮನೆಯೇ ಸಿಕ್ಕೀತು.

ಹಾಕಿಯ ಮೈದಾನಕ್ಕೂ ಇಂಥ ಸುತ್ತುಗಳುಂಟು. ಅದರ ಉದ್ದ 91.40 ಮೀಟರ್, ಅಗಲ 55 ಮೀಟರ್. ನಡುಗೆರೆಯನ್ನು ದಾಟಿದರೆ ಸಿಗುವುದು 23 ಮೀಟರಿನ ಗೆರೆ. ಅದರೊಳಗೆ, ಗೋಲಿನ ಮುಂದೆ 14.63 ಮೀಟರಿನ ಅರೆವೃತ್ತ. ಜನ ಅದನ್ನು ‘ಡಿ’ ಎನ್ನುತ್ತಾರೆ. ಗೋಲಿನ ಬಾಗಿಲು ಕೇವಲ 3.66 ಮೀಟರ್ ಅಗಲ. ‘ಡಿ’ಯೊಳಗೆ ದಾಳಿಯ ತಂಡದವರೊಬ್ಬರ ಕೋಲಿಗೆ ತಗುಲದ ಚೆಂಡು ಬಾಗಿಲು ಹೊಕ್ಕರೂ ಗೋಲೆಂದು ಲೆಕ್ಕಕ್ಕೆ ಬಾರದು.

ಹೊರಸುತ್ತಿನ ತಪ್ಪಿಗೆ ಫ್ರೀ ಹಿಟ್. ತಪ್ಪು ನಡೆದ ಸ್ಥಳದ ಹತ್ತಿರ ಚೆಂಡನ್ನು ನಿಲ್ಲಿಸಿ, ನೊಂದ ತಂಡದವರೊಬ್ಬರು ಅದನ್ನು ಆಡುತ್ತಾರೆ. ಎದುರಾಳಿಗಳು ಐದು ಮೀಟರ್ ದೂರ ಸರಿಯಬೇಕು. ಹಿಂದೆ ಚೆಂಡನ್ನು ಜೊತೆಗಾರನಿಗೇ ಕೊಡಬೇಕಿತ್ತು. 2009ರಿಂದ, ಹಿಟ್ ತೆಗೆದುಕೊಂಡವನು ತಾನೇ ಚೆಂಡನ್ನು ನಡೆಸಿಕೊಂಡು ಓಡಬಹುದೆಂಬ ನಿಯಮ ಬಂದಿದೆ. ಇದರಿಂದ ತಪ್ಪು ಮಾಡಿ ಆಟವನ್ನು ನಿಲ್ಲಿಸಿ ಉಸಿರುಬಿಡುವ ಉಪಾಯಕ್ಕೆ ಬೆಲೆಯಿಲ್ಲದಂತಾಯಿತು.

23 ಮೀಟರಿನ ಗೆರೆಯೊಳಗೆ ದಾಳಿಯ ತಂಡಕ್ಕೆ ಫ್ರೀ ಹಿಟ್ ಸಿಕ್ಕಾಗ ಕಾನೂನು ಇನ್ನೊಂದು ಎಚ್ಚರಿಕೆ ವಹಿಸುತ್ತದೆ. ಹೊಡೆಯುವವನನ್ನು ಬಿಟ್ಟು ಎರಡೂ ತಂಡದವರು ಐದು ಮೀಟರ್ ದೂರದಲ್ಲಿರಬೇಕು. ಚೆಂಡು ಐದು ಮೀಟರ್ ಚಲಿಸುವವರೆಗೆ, ಇಲ್ಲವೇ ರಕ್ಷಕರಲ್ಲೊಬ್ಬರಿಗೆ ತಗುಲುವವರೆಗೆ, ಅದನ್ನು ‘ಡಿ’ಯೊಳಕ್ಕೆ ಆಡುವಂತಿಲ್ಲ. ಗುಂಪು ಸೇರಿರುವ ಕಡೆಗೆ ನೇರವಾಗಿ ಬಿರುಸಿನಿಂದ ಹೊಡೆದರೆ ಯಾರ ಮೊಣಕಾಲೋ ಹಲ್ಲೋ ಮುರಿದೀತೆಂಬ ಭಯವೇ ಈ ನಿಯಮದ ಮೂಲ.

ಕಿಂಡಿಯ ಬಳಿ

ದುರ್ಗಕ್ಕೆ ಬಂದವರೆಲ್ಲ ಕೊನೆಗೆ ಕೇಳುವುದು ಒಂದೇ ಜಾಗವನ್ನು: ಓಬವ್ವನ ಕಿಂಡಿ. ಕಹಳೆಯ ಮುದ್ದಹನುಮ ಊಟಕ್ಕೆ ಕುಳಿತ ಹೊತ್ತು. ನೀರಿಗೆಂದು ಬಂದ ಅವನ ಹೆಂಡತಿ ಬಂಡೆಯ ಸಂದಿನಿಂದ ಶತ್ರುಗಳು ನುಸುಳುತ್ತಿರುವುದನ್ನು ಕಂಡಳು. ಕೈಗೆ ಸಿಕ್ಕ ಒನಕೆಯನ್ನು ಹಿಡಿದು, ತಲೆ ಹೊರಹಾಕಿದ ಒಬ್ಬೊಬ್ಬನನ್ನೂ ಕೆಡವಿದಳು. ಬಂಡೆಯ ಮುಂದೆ ನಿಂತು ಆ ಸಂದನ್ನು ಕಂಡವರಿಗೆ, ಒಬ್ಬ ಹೆಣ್ಣುಮಗಳು ದೊಡ್ಡ ಸೈನ್ಯವನ್ನು ಹೇಗೆ ತಡೆದಳೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಡಿ’ಯೊಳಗೆ ರಕ್ಷಕನು ಫೌಲ್ ಮಾಡಿದಾಗ ಸಿಗುವ ಪೆನಾಲ್ಟಿ ಕಾರ್ನರ್ ಹಾಕಿಯ ಓಬವ್ವನ ಕಿಂಡಿ. 23 ಮೀಟರಿನ ಗೆರೆಯೊಳಗೆ, ‘ಡಿ’ಯ ಹೊರಗಾದರೂ, ಬೇಕೆಂದೇ ಫೌಲ್ ಮಾಡಿದರೆ ಶಿಕ್ಷೆ ಇದೇ. ಆಗ ಗೋಲ್ ಕೀಪರೂ ಸೇರಿ ಹೆಚ್ಚೆಂದರೆ ಐವರು ಗೋಲಿನ ಗೆರೆಯ ಹಿಂದೆ ನಿಲ್ಲಬಹುದು. ಆ ತಂಡದ ಉಳಿದವರು ನಡುಗೆರೆಯ ಆಚೆಗೆ ಹೋಗಬೇಕು. ಗೋಲುಕಂಬದಿಂದ ಹತ್ತು ಮೀಟರ್ ದೂರದಿಂದ ಒಬ್ಬನು ಚೆಂಡನ್ನು ಹೊರಕ್ಕೆ ತಳ್ಳುತ್ತಾನೆ. ‘ಡಿ’ಯ ಅಂಚಿನಲ್ಲಿ ಕಾದಿದ್ದವರು ಅದನ್ನು ನಿಲ್ಲಿಸಿ ಗೋಲಿನತ್ತ ಚಿಮ್ಮಿಸುತ್ತಾರೆ. ಚೆಂಡು ಒಮ್ಮೆ ‘ಡಿ’ಯಿಂದ ಹೊರಗೆ ಹೋಗದೆ ಗೋಲು ಆಗದು. ಮೊದಲ ಏಟು ಕೋಲು ಬೀಸಿ ಹೊಡೆದ ಹಿಟ್ ಆದರೆ ಗೋಲಿನ ಗೆರೆಯಲ್ಲಿ ಚೆಂಡು 46 ಸೆಂಟಿಮೀಟರಿಗಿಂತ ಎತ್ತರದಲ್ಲಿರಕೂಡದು. ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ಗೆ ಮಾತ್ರ ಈ ಮಿತಿಯಿಲ್ಲ. ಟೋಕಿಯೋದ ಪಂದ್ಯ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಜರ್ಮನಿಗೆ ಸಿಕ್ಕದ್ದು ಇಂಥದೇ ಒಂದು ಪೆನಾಲ್ಟಿ ಕಾರ್ನರ್. ಗೋಲ್ ಕೀಪರ್ ಶ್ರೀಜೇಶ್ ಅದನ್ನು ತಡೆದದ್ದರಿಂದ ಪದಕ ಉಳಿಯಿತು.

ಆಗಿಯೇ ತೀರುತ್ತಿದ್ದ ಗೋಲನ್ನು ಫೌಲಿನಿಂದ ತಪ್ಪಿಸಿದರೆ ಪೆನಾಲ್ಟಿ ಸ್ಟ್ರೋಕ್: 6.40 ಮೀಟರ್ ದೂರದಲ್ಲಿ ಚೆಂಡು, ಎದುರಿಗೆ ಗೋಲ್ ಕೀಪರ್ ಒಬ್ಬನೇ. ಇದು ಕೊನೆಯ ಸುತ್ತಿನ ದಂಡ.

ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಓಬವ್ವನ ಒನಕೆಗೆ ಯಾವ ಕಟ್ಟಳೆಯೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಯುದ್ಧದಲ್ಲಿ ಸೀಟಿ ಊದುವವರಿಲ್ಲ. ಹಾಕಿಯಲ್ಲಿ ಒನಕೆಯಂಥ ಕೋಲನ್ನೇ ಕೈಗೆ ಕೊಟ್ಟು, ಇದನ್ನು ಆಯುಧವಾಗಿ ಬಳಸೆನೆಂಬ ಮಾತನ್ನು ಆಟಗಾರನಿಂದ ಪಡೆಯುತ್ತಾರೆ. ಫೌಲಿನ ನಿಯಮಗಳೆಲ್ಲ ಆ ಮಾತಿನ ವಿವರಣೆ.

ಬಯಲು ಗಣಪತಿಯ ಊರು

ಹೊಳಲ್ಕೆರೆಯ ಗಣಪತಿಗೆ ಮಾಡು ಇಲ್ಲ. ಬಿಸಿಲು ಮಳೆಗೆ ಮೈಯೊಡ್ಡಿ ಕುಳಿತ ಬಯಲು ಗಣಪತಿ ಅವನು. ನಡುಬಯಲಿನಲ್ಲಿ ನಿಂತು ಎಲ್ಲವನ್ನೂ ನೋಡಬೇಕಾದವರು ಹಾಕಿಯಲ್ಲಿ ಇಬ್ಬರು ಅಂಪೈರುಗಳು. ಅವರ ಕೈಸನ್ನೆಗಳನ್ನು ಬಲ್ಲವನಿಗೆ ಆಟದ ಅರ್ಧ ತಿಳಿದಂತೆ. ಒಂದು ಕೈಯನ್ನು ಅಡ್ಡಲಾಗಿ ಚಾಚಿದರೆ ಆ ದಿಕ್ಕಿಗೆ ಫ್ರೀ ಹಿಟ್. ಎರಡು ಕೈಗಳನ್ನೂ ಗೋಲಿನತ್ತ ಚಾಚಿದರೆ ಪೆನಾಲ್ಟಿ ಕಾರ್ನರ್. ಒಂದು ಕೈ ಚೆಂಡಿಡುವ ಗುರುತಿನತ್ತ, ಇನ್ನೊಂದು ಆಕಾಶದತ್ತ ಇದ್ದರೆ ಪೆನಾಲ್ಟಿ ಸ್ಟ್ರೋಕ್. ತುಸು ಕಾಲೆತ್ತಿ ಪಾದದ ಬಳಿ ಮುಟ್ಟಿ ತೋರಿಸಿದರೆ ಚೆಂಡು ಕಾಲಿಗೆ ತಗುಲಿತೆಂದು ಅರ್ಥ. ಎದೆಯ ಮುಂದೆ ಮುಂಗೈಗಳನ್ನು ಕತ್ತರಿಯಾಗಿಸಿದರೆ ಮೈ ಅಡ್ಡಹಾಕಿದ ತಪ್ಪು.

ಸೀಟಿ ಊದದಿರುವುದೂ ಒಂದು ತೀರ್ಪೇ. ತಪ್ಪಾದರೂ ನೊಂದ ತಂಡದ ಬಳಿಯೇ ಚೆಂಡು ಉಳಿದು ದಾರಿ ತೆರೆದಿದ್ದರೆ ಅಂಪೈರ್ ಆಟವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ತಪ್ಪು ಮಾಡಿದವನಿಗೇ ಉಪಕಾರವಾದೀತು.

ಒರಟುತನಕ್ಕೂ ಬೇಕೆಂದೇ ಮಾಡಿದ ತಪ್ಪಿಗೂ ಕಾರ್ಡುಗಳಿವೆ: ಹಸಿರಿಗೆ ಎರಡು ನಿಮಿಷ, ಹಳದಿಗೆ ಕನಿಷ್ಠ ಐದು ನಿಮಿಷ ಹೊರಗೆ, ಕೆಂಪಿಗೆ ಪಂದ್ಯ ಮುಗಿಯುವವರೆಗೂ ಹೊರಗೆ. ಅವನ ಸ್ಥಾನಕ್ಕೆ ಬೇರೊಬ್ಬನು ಬರುವಂತಿಲ್ಲ. 2024ರ ಆಗಸ್ಟ್ 4ರಂದು ಪ್ಯಾರಿಸಿನ ಕ್ವಾರ್ಟರ್ ಫೈನಲಿನಲ್ಲಿ ಬ್ರಿಟನ್ನಿನ ವಿರುದ್ಧ ಆಡುತ್ತಿದ್ದಾಗ ಅಮಿತ್ ರೋಹಿದಾಸರ ಕೋಲು ಎದುರಾಳಿಯ ಮುಖಕ್ಕೆ ತಗುಲಿತು. ಕೆಂಪು ಕಾರ್ಡು ಬಂದದ್ದು 17ನೆಯ ನಿಮಿಷದಲ್ಲಿ. ಬೇಕೆಂದು ಹೊಡೆದದ್ದೇ ಅಲ್ಲವೇ ಎಂಬ ವಾದ ದೇಶದಲ್ಲೆಲ್ಲ ನಡೆಯಿತು. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಮಂದಿ ಆಡಿ 1-1ರ ಸಮವನ್ನು ಉಳಿಸಿಕೊಂಡರು. ಶೂಟೌಟಿನಲ್ಲಿ 4-2ರಿಂದ ಗೆದ್ದರು. ಆದರೆ ರೋಹಿದಾಸರು ಮುಂದಿನ ಪಂದ್ಯಕ್ಕೂ ಹೊರಗುಳಿದರು. ಆ ಸೆಮಿಫೈನಲನ್ನು ಭಾರತ ಜರ್ಮನಿಗೆ 2-3ರಿಂದ ಸೋತಿತು. ಒಂದು ಕ್ಷಣ ಎತ್ತರಕ್ಕೆ ಹೋದ ಕೋಲಿಗೆ ತೆತ್ತ ಬೆಲೆ ಅದು.

ಹೊಸದುರ್ಗದಿಂದ ಮುಂದೆ

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರವೊಂದಿದೆ. ಪ್ರತಿವರ್ಷದ ನಾಟಕೋತ್ಸವಕ್ಕೆ ಹಳ್ಳಿಹಳ್ಳಿಗಳಿಂದ ಜನ ಬಂದು ಮೆಟ್ಟಿಲುಗಳ ಮೇಲೆ ಕುಳಿತು ನೋಡುತ್ತಾರೆ. ನಾಟಕ ಬೆಳೆದದ್ದು ನಟರಿಂದ ಮಾತ್ರವಲ್ಲ, ನೋಡಬಲ್ಲ ಜನರಿಂದಲೂ. ಆಟಕ್ಕೂ ಈ ಮಾತು ಸಲ್ಲುತ್ತದೆ.

ಅಂಥ ಪ್ರೇಕ್ಷಕರನ್ನು ಕಾಣಬೇಕಾದರೆ ಹೊಸದುರ್ಗದಿಂದ ಅರಸೀಕೆರೆ, ಹಾಸನಗಳ ದಾರಿ ಹಿಡಿದು ಕೊಡಗನ್ನು ಸೇರಬೇಕು. ಬಯಲು ಕಳೆದು ಕಾಫಿಯ ತೋಟಗಳ ನೆರಳು ಬರುತ್ತದೆ. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯರಂಥ ಆಟಗಾರರನ್ನು ದೇಶಕ್ಕೆ ಕೊಟ್ಟ ನೆಲವಿದು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದವು 60 ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬಕ್ಕೆ 360 ತಂಡಗಳು. ಒಂದೊಂದು ವರ್ಷ ಒಂದೊಂದು ಕುಟುಂಬ ಅತಿಥೇಯ. ಮನೆತನವೇ ತಂಡ, ಹಿರಿಯರೂ ಕಿರಿಯರೂ, ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಕೋಲು ಹಿಡಿಯುತ್ತಾರೆ. ಹೀಗಾಗಿ ಅಲ್ಲಿ ನಿಯಮವನ್ನು ಯಾರೂ ಪುಸ್ತಕ ಓದಿ ಕಲಿಯಬೇಕಾಗಿಲ್ಲ. ಎದುರಿಗೆ ಓಡಿಬರುತ್ತಿರುವವಳು ಪಕ್ಕದ ಮನೆಯ ಮಗಳೇ ಆಗಿದ್ದಾಗ, ಚೆಂಡನ್ನು ಮೇಲೆತ್ತಿ ಹೊಡೆಯಬಾರದೆಂಬುದನ್ನು ಯಾವ ಅಂಪೈರೂ ಹೇಳಬೇಕಾಗಿಲ್ಲ.

ದುರ್ಗದ ಬಂಡೆಗಳನ್ನು ನೋಡಿ ಇಲ್ಲಿಗೆ ಬಂದ ಪ್ರವಾಸಿಯು ಮೈದಾನದ ಅಂಚಿನಲ್ಲಿ ಕುಳಿತಾಗ ಸೀಟಿ ಕೇಳಿಸುತ್ತದೆ. ಹಿಂದಾದರೆ “ಯಾರು ತಪ್ಪು ಮಾಡಿದರು?” ಎಂದು ಕೇಳುತ್ತಿದ್ದವನು ಈಗ ಮೊದಲು ಚೆಂಡು ಇದ್ದ ಜಾಗವನ್ನು ನೋಡುತ್ತಾನೆ. ಹೊರಸುತ್ತೋ, ಒಳಸುತ್ತೋ, ಕಿಂಡಿಯೋ? ಅಂಪೈರಿನ ಕೈ ಮೇಲೇಳುವ ಮೊದಲೇ ಅವನಿಗೆ ಉತ್ತರ ಗೊತ್ತಿರುತ್ತದೆ.